ಕಾಲಾಳು, ಪ್ಯಾದೆ, ಪ್ಯೂನ್: ಆಟದ ಮಾತುಗಳ ಹುಟ್ಟೂ ಉಚ್ಚಾರವೂ

ಬೆಂಗಳೂರಿನ ಮಡಿವಾಳದಲ್ಲಿ, ಮಾರುಕಟ್ಟೆಗೆ ಸಮೀಪದ ಓಣಿಯೊಂದರ ಟೀ ಅಂಗಡಿಯ ಮುಂದೆ ಒಂದು ಸಂಜೆ ನಾವು ಮಳೆ ನಿಲ್ಲುವುದನ್ನು ಕಾಯುತ್ತ ನಿಂತಿದ್ದೆವು. ಪಕ್ಕದ ಪೀಜಿಯಲ್ಲಿ ವಾಸಿಸುವ ಮೂವರು ತರುಣರು ಅಲ್ಲಿಯೇ ಬೆಂಚಿನ ಮೇಲೆ ಕುಳಿತು ಮೊಬೈಲಿನಲ್ಲಿ ಆಟವಾಡುತ್ತಿದ್ದರು. ಅವರಲ್ಲೊಬ್ಬನು ಎದುರಾಳಿಯನ್ನು ಉರುಳಿಸಿದವನೇ, “ಪೋನ್ ಮಾಡ್ಬಿಟ್ಟೆ ಕಣೋ!” ಎಂದು ಕೂಗಿದನು. ಹಾಲು ಕಾಯಿಸುತ್ತಿದ್ದ ಅಂಗಡಿಯವರು ತಲೆಯೆತ್ತಿ, “ಯಾರಿಗಪ್ಪಾ ಮಾಡಿದೆ, ಊರಿಗಾ?” ಎಂದು ಕೇಳಿದರು. ಎರಡನೆಯವನು ನಗುತ್ತ ತಿದ್ದಿದನು: “ಅಣ್ಣಾ, ಅದು ಆ ಫೋನ್ ಅಲ್ಲ. ಇವನಿಗೆ ಹೇಳೋಕೇ ಬರಲ್ಲ. ಅದನ್ನ ಪಾನ್ ಅನ್ನಬೇಕು.” ಅಂಗಡಿಯವರು ಶಾಂತವಾಗಿ, “ಪಾನ್ ಬೇಕಾದ್ರೆ ಪಕ್ಕದಂಗಡೀಲಿ ಸಿಗುತ್ತೆ” ಎಂದು ಹೇಳಿ ಹಾಲಿನ ಕಡೆಗೆ ತಿರುಗಿದರು.

ಈ ಸಂಭಾಷಣೆಯನ್ನು ಕೇಳಿ ಎಲ್ಲರೂ ನಕ್ಕರು. ನಾವೂ ನಕ್ಕೆವು. ಆದರೆ ನಮ್ಮ ನಗುವಿನೊಳಗೆ ಸ್ವಲ್ಪ ಸಂಕೋಚವೂ ಬೆರೆತಿದ್ದಿತು. ಏಕೆಂದರೆ ಈ ಒಂದು ಪದದ ವಿಷಯದಲ್ಲಿ ನಾವೇ ಹಿಂದೆ ಒಂದು ತಪ್ಪನ್ನು ಮಾಡಿ, ಅದರ ಫಲವನ್ನು ನಮ್ಮ ವಿದ್ಯಾರ್ಥಿಯೊಬ್ಬನು ಉಣ್ಣುವಂತೆ ಮಾಡಿದ್ದೆವು.

ನಾವು ಕಾಲೇಜಿನಲ್ಲಿ ಭೌತವಿಜ್ಞಾನವನ್ನು ಬೋಧಿಸುವವರು. ಕೆಲವು ವರ್ಷಗಳ ಹಿಂದೆ ತರಗತಿ ಮುಗಿದ ಮೇಲೆ ಒಬ್ಬ ಹುಡುಗನು ಬಂದು, “ಸಾರ್, ಆಟದಲ್ಲಿ ಎದುರಾಳಿಯನ್ನು ಪೂರ್ತಿ ಸೋಲಿಸಿದಾಗ ಇಂಗ್ಲಿಷಿನಲ್ಲಿ ಪಿ, ಡಬ್ಲ್ಯು, ಎನ್ ಎಂದು ಬರೆಯುತ್ತಾರಲ್ಲ, ಆ ಪದ ಎಲ್ಲಿಂದ ಬಂತು?” ಎಂದು ಕೇಳಿದನು. ನಾವು ಕ್ಷಣವೂ ಯೋಚಿಸದೆ, “ಚದುರಂಗದಿಂದ ಬಂದಿದೆ. ಅಲ್ಲಿ ಕಾಲಾಳಿಗೆ ಪಾನ್ ಎನ್ನುತ್ತಾರೆ. ಎದುರಾಳಿಯನ್ನು ಕಾಲಾಳಿನಷ್ಟು ಚಿಕ್ಕವನನ್ನಾಗಿ ಮಾಡಿದೆ ಎಂದರ್ಥ” ಎಂದು ಹೇಳಿಬಿಟ್ಟೆವು. ಹುಡುಗನು ಸಂತೋಷದಿಂದ ಹೋದನು. ಕೆಲವು ತಿಂಗಳ ಬಳಿಕ ಅಂತರ್ ಕಾಲೇಜು ಭಾಷಣ ಸ್ಪರ್ಧೆಯೊಂದರಲ್ಲಿ ಅವನು ಈ ಕಥೆಯನ್ನೇ ಹೇಳಿದನು. ತೀರ್ಪುಗಾರರು, “ಇದಕ್ಕೆ ಆಧಾರವೇನು?” ಎಂದು ಕೇಳಿದರು. “ನಮ್ಮ ಮೇಷ್ಟ್ರು ಹೇಳಿದರು” ಎಂದು ಅವನು ಉತ್ತರ ಕೊಟ್ಟನು. “ಯಾವ ವಿಷಯದ ಮೇಷ್ಟ್ರು?” ಎಂದು ಮತ್ತೆ ಕೇಳಿದರು. “ಫಿಸಿಕ್ಸ್” ಎಂದನು. ಸಭೆಯು ಗೊಳ್ಳೆಂದು ನಕ್ಕಿತು. ಮರುದಿನ ಅವನು ಇದನ್ನು ನಮಗೆ ಯಾವ ಕೋಪವೂ ಇಲ್ಲದೆ ತಿಳಿಸಿದನು. ಅವನಿಗೆ ಕೋಪವಿಲ್ಲದಿದ್ದುದೇ ನಮಗೆ ಹೆಚ್ಚು ನೋವನ್ನುಂಟುಮಾಡಿತು. ಪ್ರಯೋಗಾಲಯದಲ್ಲಿ ಒಂದು ಅಳತೆಯನ್ನು ಮೂರು ಬಾರಿ ತೆಗೆದುಕೊಳ್ಳದೆ ಬರೆದರೆ ಗದರಿಸುವ ನಾವು, ಒಂದು ಮಾತಿನ ಹುಟ್ಟನ್ನು ಒಮ್ಮೆಯೂ ಅಳೆಯದೆ ಹೇಳಿದ್ದೆವು!

ಅಂದಿನಿಂದ ಈ ವಿಷಯವನ್ನು ಕ್ರಮವಾಗಿ ಪರಿಶೀಲಿಸಿದೆವು. ಹಾಗೆ ತಿಳಿದುಬಂದುದನ್ನು ಈಗ ವಾಚಕರ ಮುಂದಿಡುತ್ತೇವೆ.

ಸಾದೃಶ್ಯವು ಸಾಕ್ಷ್ಯವಲ್ಲ

ಮೊದಲು ನಮ್ಮ ಮಡಿವಾಳದ ಹೆಸರನ್ನೇ ತೆಗೆದುಕೊಳ್ಳೋಣ. ಬಟ್ಟೆಯನ್ನು ಒಗೆದು ಮಡಿ ಮಾಡುವವನು ಮಡಿವಾಳ. ಇದು ಕನ್ನಡದ ಹಳೆಯ ಮಾತು. ೧೨ನೆಯ ಶತಮಾನದ ಶರಣರಾದ ಮಡಿವಾಳ ಮಾಚಿದೇವರ ಹೆಸರಿನಲ್ಲಿಯೇ ಅದು ನಿಂತಿದೆ. ಆದರೆ ಈಗ ಈ ಬಡಾವಣೆಗೆ ದೇಶದ ಎಲ್ಲ ಕಡೆಗಳಿಂದಲೂ ವಿದ್ಯಾರ್ಥಿಗಳೂ ಉದ್ಯೋಗಿಗಳೂ ಬಂದು ನೆಲೆಸಿದ್ದಾರೆ. ಉತ್ತರದಿಂದ ಬಂದವರ ನಾಲಗೆಗೆ ‘ಳ’ಕಾರವು ಸುಲಭವಾಗಿ ಒಗ್ಗುವುದಿಲ್ಲ. ಇಂಗ್ಲಿಷ್ ಫಲಕವೂ ‘ಳ’ ಮತ್ತು ‘ಲ’ಗಳ ಭೇದವನ್ನು ತೋರಿಸುವುದಿಲ್ಲ. ಆದಕಾರಣ ಅವರ ಬಾಯಲ್ಲಿ ಇದು ‘ಮಡಿವಾಲಾ’ ಆಗಿದೆ. ‘ದೂಧ್‌ವಾಲಾ’, ‘ಚಾಯ್‌ವಾಲಾ’ ಎಂಬವುಗಳ ಸಾಲಿನಲ್ಲಿ ಇದನ್ನೂ ಸೇರಿಸಿ, ‘ಮಡಿ’ ಎಂಬುದೇನನ್ನೋ ಮಾರುವವನ ಊರು ಇದೆಂದು ಊಹಿಸುವವರನ್ನು ನಾವು ಕಂಡಿದ್ದೇವೆ.

ಇಲ್ಲಿ ನಡೆದುದೇನು? ಅಪರಿಚಿತವಾದ ಪದವೊಂದು ಕಿವಿಗೆ ಬಿದ್ದಾಗ ಮನಸ್ಸು ಸುಮ್ಮನಿರುವುದಿಲ್ಲ. ಹತ್ತಿರದ ಪರಿಚಿತ ಪದವೊಂದಕ್ಕೆ ಅದನ್ನು ಕಟ್ಟಿಹಾಕುತ್ತದೆ. ಬಳಿಕ ಉಚ್ಚಾರವನ್ನೂ ಅದಕ್ಕೆ ತಕ್ಕಂತೆ ತಿದ್ದಿಕೊಳ್ಳುತ್ತದೆ. ಕೊನೆಗೆ ಅದಕ್ಕೊಂದು ಕಥೆಯನ್ನೂ ಹೊಸೆಯುತ್ತದೆ. ಭಾಷಾಶಾಸ್ತ್ರಜ್ಞರು ಇದನ್ನು ಜಾನಪದ ನಿರುಕ್ತಿ ಎನ್ನುತ್ತಾರೆ. ಧ್ವನಿಯ ಹೋಲಿಕೆಯು ಶೋಧನೆಗೆ ಒಂದು ಸುಳಿವಾಗಬಹುದೇ ಹೊರತು ತಾನೇ ಪ್ರಮಾಣವಾಗಲಾರದು. ನಾವು ಆ ವಿದ್ಯಾರ್ಥಿಗೆ ಹೇಳಿದ ಉತ್ತರವೂ ಇಂಥ ‘ಮಡಿವಾಲಾ’ ಉತ್ತರವೇ ಆಗಿದ್ದಿತು.

ಬೆರಳು ಜಾರಿ ಹುಟ್ಟಿದ ಪದ

ಹಾಗಾದರೆ ಪಿ-ಡಬ್ಲ್ಯು-ಎನ್ ಎಂಬ ಆ ವಿಚಿತ್ರ ಪದದ ನಿಜವಾದ ಹುಟ್ಟು ಯಾವುದು? ಇದಕ್ಕೆ ಉತ್ತರವು ಚದುರಂಗದ ಹಲಗೆಯ ಮೇಲಲ್ಲ, ಗಣಕಯಂತ್ರದ ಕೀಲಿಮಣೆಯ ಮೇಲೆ ಇದೆ.

ಇಂಗ್ಲಿಷಿನಲ್ಲಿ ‘ಓನ್’ ಎಂದರೆ ಒಡೆಯನಾಗಿರು ಎಂದರ್ಥ. ಪರರ ಗಣಕಯಂತ್ರವನ್ನು ಭೇದಿಸಿ ಒಳಹೊಕ್ಕು ಅದನ್ನು ವಶಪಡಿಸಿಕೊಂಡವರು, ಆ ಯಂತ್ರಕ್ಕೆ ತಾವೇ ಒಡೆಯರಾದೆವೆಂದು ಹೇಳಲು ಈ ಕ್ರಿಯಾಪದವನ್ನು ಬಳಸುತ್ತಿದ್ದರು. ಅಲ್ಲಿಂದ ಅದು ಜಾಲದ ಆಟಗಳಿಗೆ ಬಂದು, ಎದುರಾಳಿಯನ್ನು ಸಂಪೂರ್ಣವಾಗಿ ಸೋಲಿಸುವುದು ಎಂಬ ಅರ್ಥವನ್ನು ಪಡೆಯಿತು. ಈಗ ಕೀಲಿಮಣೆಯ ಮೇಲಿನ ಸಾಲನ್ನು ನೋಡಿರಿ. ‘ಓ’ ಕೀಲಿಯ ಬಲಕ್ಕೆ ಅಂಟಿಕೊಂಡಂತೆಯೇ ‘ಪಿ’ ಕೀಲಿಯಿದೆ. ಆಟದ ಭರದಲ್ಲಿ, ಗೆದ್ದ ಉತ್ಸಾಹದಲ್ಲಿ ಅವಸರದಿಂದ ಟೈಪು ಮಾಡುವವನ ಬೆರಳು ಒಂದು ಕೀಲಿಯಷ್ಟು ಬಲಕ್ಕೆ ಜಾರಿದರೆ ‘ಓ’ ಹೋಗಿ ‘ಪಿ’ ಬರುತ್ತದೆ. ಹೀಗೆ ಜಾರಿದ ರೂಪವನ್ನು ಮೊದಲು ತಮಾಷೆಗಾಗಿ, ಬಳಿಕ ರೂಢಿಯಾಗಿ ಆಟಗಾರರು ಉಳಿಸಿಕೊಂಡರು.

ಇದು ಕೂಡ ಒಂದು ಕಥೆಯಷ್ಟೇ ಅಲ್ಲವೆ, ಇದನ್ನೇಕೆ ನಂಬಬೇಕು ಎಂದು ವಾಚಕರು ಕೇಳಬಹುದು. ಕೇಳಲೇಬೇಕು. ಎರಡು ಊಹೆಗಳನ್ನು ಅಕ್ಕಪಕ್ಕ ಇಟ್ಟು ತೂಗೋಣ.

ಒಂದನೆಯದಾಗಿ, ಹೊಸ ಪದವು ತೋರಿಬರುವ ಮೊದಲೇ ‘ಓನ್’ ಎಂಬುದು ಅದೇ ಜನರಲ್ಲಿ ಅದೇ ಅರ್ಥದಲ್ಲಿ ಬಳಕೆಯಲ್ಲಿದ್ದಿತು. ‘ಕಾಲಾಳನ್ನಾಗಿ ಮಾಡು’ ಎಂಬ ಅರ್ಥದ ಕ್ರಿಯಾಪದವಾದರೋ ಚದುರಂಗದವರಲ್ಲಿಯೇ ಇಲ್ಲ. ಎರಡನೆಯದಾಗಿ, ಚದುರಂಗದ ‘ಪಾನ್’ ಪದದ ಕಾಗುಣಿತದಲ್ಲಿ ‘ಪಿ’ಯ ಬಳಿಕ ‘ಎ’ ಇದೆ. ಆ ‘ಎ’ ಏಕೆ ಬಿದ್ದುಹೋಯಿತೆಂಬುದಕ್ಕೆ ಚದುರಂಗದ ಊಹೆಯು ಪ್ರತ್ಯೇಕ ಕಾರಣವನ್ನು ಹುಡುಕಬೇಕು. ಕೀಲಿಮಣೆಯ ಊಹೆಯಲ್ಲಿ ಒಂದೇ ಒಂದು ಅಕ್ಷರವು ಪಕ್ಕದ ಅಕ್ಷರವಾಗಿ ಬದಲಾಯಿತೆಂದರೆ ಸಾಕು. ಮೂರನೆಯದಾಗಿ, ಇಂಥದೇ ಬೇರೆ ಜಾರುಗಳೂ ಅದೇ ಆಟಗಾರರ ಬರೆಹದಲ್ಲಿ ಹಾಸ್ಯವಾಗಿ ನೆಲೆಸಿವೆ. ಆಶ್ಚರ್ಯಸೂಚಕ ಚಿಹ್ನೆಗಳ ಸಾಲಿನ ಕೊನೆಗೆ ಒಂದು ಎಂಬ ಅಂಕೆಯನ್ನು ಎರಡು ಮೂರು ಸಲ ಬರೆಯುವುದು ಇದಕ್ಕೆ ನಿದರ್ಶನ. ಆ ಚಿಹ್ನೆಯೂ ಅಂಕೆಯೂ ಒಂದೇ ಕೀಲಿಯಲ್ಲಿವೆ. ಶಿಫ್ಟ್ ಕೀಲಿಯಿಂದ ಬೆರಳು ಬೇಗ ಎದ್ದರೆ ಚಿಹ್ನೆಯ ಬದಲು ಅಂಕೆ ಬೀಳುತ್ತದೆ. ಹೀಗೆ ಕಡಿಮೆ ಊಹೆಗಳಿಂದ ಹೆಚ್ಚು ಸಂಗತಿಗಳನ್ನು ವಿವರಿಸುವ ವಾದವನ್ನೇ ವಿಜ್ಞಾನದಲ್ಲಿ ನಾವು ಮೇಲೆಂದು ಎಣಿಸುತ್ತೇವೆ. ನಿಘಂಟುಕಾರರೂ ಇದೇ ತೀರ್ಮಾನಕ್ಕೆ ಬಂದಿದ್ದಾರೆ.

ಕನ್ನಡದಲ್ಲಿಯೂ ಬೆರಳು ಜಾರುವುದುಂಟು. ಕೆ. ಪಿ. ರಾವ್ ಅವರು ರೂಪಿಸಿದ ಕನ್ನಡ ಕೀಲಿಮಣೆಯಲ್ಲಿ ‘ಪ’ ಮತ್ತು ‘ಫ’ ಒಂದೇ ಕೀಲಿಯಲ್ಲಿವೆ. ಶಿಫ್ಟ್ ಒತ್ತಿದರೆ ‘ಫ’, ಒತ್ತದಿದ್ದರೆ ‘ಪ’. ಆದುದರಿಂದ ಅವಸರದಲ್ಲಿ ‘ಫೋನ್’ ಎಂಬುದು ‘ಪೋನ್’ ಆಗುವುದು ಬಲು ಸುಲಭ. ಟೀ ಅಂಗಡಿಯವರ ಕಿವಿಯು ಮಾಡಿದ ಕೆಲಸವನ್ನೇ ಅಲ್ಲಿ ಬೆರಳು ಮಾಡುತ್ತದೆ!

ಧ್ವನಿಯಿಲ್ಲದೆ ಹುಟ್ಟಿದ ಮಾತು

ಈಗ ಉಚ್ಚಾರದ ಪ್ರಶ್ನೆ. ಸಾಮಾನ್ಯವಾಗಿ ಪದಗಳು ಮೊದಲು ಬಾಯಲ್ಲಿ ಹುಟ್ಟಿ, ಬಹುಕಾಲದ ಬಳಿಕ ಲಿಪಿಯನ್ನೇರುತ್ತವೆ. ಈ ಪದದ ಗತಿ ತಲೆಕೆಳಗಾಗಿದೆ. ಇದು ಮೊದಲು ಬೆರಳ ತುದಿಯಲ್ಲಿ ಹುಟ್ಟಿ, ತೆರೆಯ ಮೇಲೆ ಬೆಳೆದು, ಆಮೇಲೆ ಬಾಯಿಗೆ ಬಂದಿತು. ಕೇವಲ ಕಣ್ಣಿನಿಂದ ಕಲಿತ ಪದವನ್ನು ಒಬ್ಬೊಬ್ಬನೂ ತನ್ನ ಊಹೆಯಂತೆ ಉಚ್ಚರಿಸಿದನು. ಮೂಲವಾದ ‘ಓನ್’ ಪದವನ್ನು ನೆನಪಿನಲ್ಲಿಟ್ಟವರು ಅದರ ಹಿಂದೆ ಪಕಾರವನ್ನು ಸೇರಿಸಿ ‘ಪೋನ್’ ಎಂದರು. ಇದೇ ಇಂದು ಹೆಚ್ಚು ಪ್ರಚಾರದಲ್ಲಿದೆ. ಚದುರಂಗವನ್ನು ಬಲ್ಲವರ ಕಣ್ಣಿಗೆ ಅದು ‘ಪಾನ್’ ಪದದಂತೆಯೇ ಕಂಡಿತು. ಅವರು ಹಾಗೆಯೇ ಉಚ್ಚರಿಸಿದರು.

ಇಲ್ಲೊಂದು ಸೂಕ್ಷ್ಮವಾದ ಸಂಗತಿಯಿದೆ. ಚದುರಂಗವು ಈ ಪದಕ್ಕೆ ಹುಟ್ಟನ್ನು ಕೊಡಲಿಲ್ಲ. ಆದರೆ ಅದರ ಒಂದು ಉಚ್ಚಾರಕ್ಕೆ ಆಸರೆ ಕೊಟ್ಟಿತು. ನಮ್ಮ ಟೀ ಅಂಗಡಿಯ ಎರಡನೆಯ ತರುಣನು ಉಚ್ಚಾರವನ್ನು ಕುರಿತು ಹೇಳಿದುದು ತೀರ ತಪ್ಪಲ್ಲ. ಅದೇ ಉಚ್ಚಾರವನ್ನು ಪದದ ಹುಟ್ಟಿಗೆ ಸಾಕ್ಷಿಯೆಂದು ನಂಬಿದ ನಾವೇ ತಪ್ಪಿದವರು.

ಕನ್ನಡ ಲಿಪಿಯಲ್ಲಿ ಇಂಥ ತೊಡಕು ಉಂಟಾಗುವುದು ಕಷ್ಟ. ನಮ್ಮ ವ್ಯಂಜನವು ತನ್ನೊಳಗೇ ‘ಅ’ಕಾರವನ್ನು ಹೊತ್ತಿರುತ್ತದೆ. ಬೇಡವಾದರೆ ಅದನ್ನು ತೆಗೆದುಹಾಕಲು ಪ್ರತ್ಯೇಕ ಗುರುತನ್ನು ಬರೆಯಬೇಕು. ಆ ಮೂರು ಇಂಗ್ಲಿಷ್ ಅಕ್ಷರಗಳನ್ನು ಹಾಗೆಯೇ ಕನ್ನಡಕ್ಕಿಳಿಸಿದರೆ ‘ಪ್ವ್ನ್’ ಎಂದಾಗುತ್ತದೆ. ನೋಡಿದೊಡನೆಯೇ ಇದು ಹೇಳಲಾಗದ ಮಾತೆಂದು ಗೊತ್ತಾಗುತ್ತದೆ. ಕನ್ನಡದಲ್ಲಿ ಬರೆಯಹೊರಟವನು ‘ಪೋನ್’ ಎಂದಾಗಲಿ ‘ಪಾನ್’ ಎಂದಾಗಲಿ ಮೊದಲೇ ತೀರ್ಮಾನಿಸಬೇಕು. ನಮ್ಮ ಲಿಪಿಯು ಬರೆಯುವವನನ್ನೇ ಉಚ್ಚಾರಕ್ಕೆ ಹೊಣೆಗಾರನನ್ನಾಗಿ ಮಾಡುತ್ತದೆ.

ನಿಜವಾದ ಕಾಲಾಳು ಎಲ್ಲಿದ್ದಾನೆ?

ಇಷ್ಟನ್ನು ತಿಳಿದ ಮೇಲೆ ನಾವು ಆ ವಿದ್ಯಾರ್ಥಿಯನ್ನು ಕರೆದು, ಅವನ ಸಹಪಾಠಿಗಳೆಲ್ಲರ ಎದುರಿಗೇ ನಮ್ಮ ತಪ್ಪನ್ನು ಒಪ್ಪಿಕೊಂಡೆವು. ಅವನು ಸ್ವಲ್ಪ ನಿರಾಶೆಯಿಂದ, “ಆ ಚೆಸ್ಸಿನ ಕಥೆಯೇ ಚೆನ್ನಾಗಿತ್ತು ಸಾರ್” ಎಂದನು. “ಚೆಸ್ಸಿನ ಕಥೆ ಬೇಕಾದರೆ ನಿಜವಾದುದೇ ಇದೆಯಪ್ಪಾ. ಅದು ನಮ್ಮ ಪ್ರಯೋಗಾಲಯದ ಬಾಗಿಲಲ್ಲೇ ನಿಂತಿದೆ” ಎಂದು ನಾವು ಹೇಳಿದೆವು. ಬಾಗಿಲಲ್ಲಿ ಆಗ ನಿಂತಿದ್ದವರು ಉಪಕರಣಗಳ ಬೀಗದ ಕೈಗಳನ್ನು ಹಿಡಿದಿದ್ದ ನಮ್ಮ ಕಾಲೇಜಿನ ಹಿರಿಯ ಅಟೆಂಡರ್. ಹಳೆಯ ದಾಖಲೆಗಳಲ್ಲಿ ಅವರ ಹುದ್ದೆಯ ಹೆಸರು ‘ಪ್ಯೂನ್’.

ಲ್ಯಾಟಿನ್ ಭಾಷೆಯಲ್ಲಿ ಕಾಲಿಗೆ ‘ಪೇಸ್’ ಎಂದು ಹೆಸರು. ವಿಭಕ್ತಿ ಹತ್ತಿದಾಗ ಅದು ‘ಪೆದ್-’ ಎಂದಾಗುತ್ತದೆ. ಅದರಿಂದ ‘ಪೆದೋ’, ಎಂದರೆ ಕಾಲ್ನಡಿಗೆಯ ಸೈನಿಕ, ಎಂಬ ಮಾತು ಹುಟ್ಟಿತು. ಹಳೆಯ ಫ್ರೆಂಚಿನಲ್ಲಿ ಇದರ ನಡುವಣ ದಕಾರವು ಸವೆದು ‘ಪೆಯೋನ್’, ‘ಪಾಓನ್’ ಮುಂತಾದ ರೂಪಗಳಾದುವು. ಅಲ್ಲಿಂದ ಇಂಗ್ಲಿಷಿಗೆ ಹೋಗಿ ಚದುರಂಗದ ‘ಪಾನ್’ ಆಯಿತು. ಅದೇ ಲ್ಯಾಟಿನ್ ಮಾತು ಇನ್ನೊಂದು ದಾರಿಯನ್ನೂ ಹಿಡಿಯಿತು. ಪೋರ್ಚುಗೀಸರೂ ಫ್ರೆಂಚರೂ ಭಾರತದಲ್ಲಿ ಕಾಲಾಳುಗಳನ್ನು ಇದೇ ಮೂಲದ ತಮ್ಮ ಮಾತುಗಳಿಂದ ಕರೆದರು. ಆ ಮಾತು ಇಂಗ್ಲಿಷರ ಕಚೇರಿಯನ್ನು ಹೊಕ್ಕು, ಓಲೆ ಒಯ್ಯುವ ಸೇವಕನೆಂಬ ಅರ್ಥದಲ್ಲಿ ‘ಪ್ಯೂನ್’ ಆಗಿ ನೆಲೆಸಿತು. ಹೀಗೆ ಹಲಗೆಯ ಮೇಲಿನ ಪಾನ್, ಕಚೇರಿಯ ಪ್ಯೂನ್ ಇಬ್ಬರೂ ಒಡಹುಟ್ಟಿದವರು. ಸೈನ್ಯದ ಮುಂದೆ ನಡೆದು ದಾರಿ ಕಡಿಯುವ ಕಾಲಾಳಿನಿಂದ ಬಂದ ‘ಪಯೊನಿಯರ್’ ಎಂಬ ಮಾತೂ ಇದೇ ಕುಟುಂಬದ್ದು.

ಕಥೆಯು ಇಲ್ಲಿಗೇ ಮುಗಿಯುವುದಿಲ್ಲ. ಸಂಸ್ಕೃತದಲ್ಲಿ ಕಾಲಾಳಿಗೆ ‘ಪದಾತಿ’ ಎನ್ನುತ್ತಾರೆ. ಪಾರಸಿಯಲ್ಲಿ ‘ಪಿಯಾದಾ’. ಈ ಪಾರಸಿಯ ಮಾತೇ ಕನ್ನಡಕ್ಕೆ ಬಂದು ‘ಪ್ಯಾದೆ’ ಎಂದೂ ‘ಪೇದೆ’ ಎಂದೂ ಆಗಿದೆ. ಚದುರಂಗದ ಪ್ಯಾದೆಯೂ ಪೊಲೀಸ್ ಠಾಣೆಯ ಪೇದೆಯೂ ಒಂದೇ ಪದದ ಎರಡು ರೂಪಗಳು. ಸಂಸ್ಕೃತದ ‘ಪಾದ’, ಲ್ಯಾಟಿನ್ನಿನ ‘ಪೆದ್-’, ಪಾರಸಿಯ ‘ಪಾಯ್’, ಇಂಗ್ಲಿಷಿನ ‘ಫುಟ್’ ಎಲ್ಲವೂ ಒಂದೇ ಬೇರಿನಿಂದ ಒಡೆದ ಟಿಸಿಲುಗಳು.

‘ಪಾದ’ ಮತ್ತು ‘ಫುಟ್’ಗಳ ಹೋಲಿಕೆಯು ‘ಮಡಿವಾಲಾ’ ಜಾತಿಯ ಹೋಲಿಕೆಯಲ್ಲವೆಂಬುದನ್ನು ಹೇಗೆ ತಿಳಿಯುವುದು? ಇದಕ್ಕೊಂದು ನಿಯಮವಿದೆ. ಸಂಸ್ಕೃತ ಲ್ಯಾಟಿನ್‌ಗಳಲ್ಲಿ ಪದದ ಮೊದಲಿಗೆ ‘ಪ’ ಇರುವಲ್ಲಿ ಇಂಗ್ಲಿಷ್ ಮತ್ತು ಅದರ ಸೋದರ ಭಾಷೆಗಳಲ್ಲಿ ತುಟಿ-ಹಲ್ಲುಗಳ ‘ಫ’ಕಾರ ಕಾಣುತ್ತದೆ. ಸಂಸ್ಕೃತದ ‘ಪಿತೃ’, ಲ್ಯಾಟಿನ್ನಿನ ‘ಪಾತೆರ್’, ಇಂಗ್ಲಿಷಿನ ‘ಫಾದರ್’. ಸಂಸ್ಕೃತದ ‘ಪಂಚ’, ಇಂಗ್ಲಿಷಿನ ‘ಫೈವ್’. ಈ ವ್ಯವಸ್ಥೆಯನ್ನು ಜರ್ಮನಿಯ ಯಾಕೋಬ್ ಗ್ರಿಮ್ ೧೮೨೨ರಲ್ಲಿ ನಿಯಮವಾಗಿ ನಿರೂಪಿಸಿದನು. ಒಂದು ಜೊತೆ ಪದಗಳು ಹೋಲುವುದು ಆಕಸ್ಮಿಕವಾಗಿರಬಹುದು. ಹತ್ತಾರು ಜೊತೆಗಳು ಒಂದೇ ರೀತಿಯಾಗಿ ಬದಲಾಗಿದ್ದರೆ ಅದು ಆಕಸ್ಮಿಕವಲ್ಲ. ನಮ್ಮ ಭೌತವಿಜ್ಞಾನದಲ್ಲಿ ಒಂದು ಬಿಂದುವಿನಿಂದ ರೇಖೆಯನ್ನು ಎಳೆಯಲಾಗದು. ಹಲವು ಬಿಂದುಗಳು ಸಾಲುಗೂಡಿದಾಗ ಮಾತ್ರ ಎಳೆಯಬಹುದು. ಇಲ್ಲಿಯೂ ಹಾಗೆಯೇ.

ಕನ್ನಡ ನಾಡಿನ ಹಲಗೆ

ಚದುರಂಗವೆಂಬ ಹೆಸರೂ ಕಾಲಾಳನ್ನು ಮರೆತಿಲ್ಲ. ಆನೆ, ಕುದುರೆ, ರಥ, ಪದಾತಿ ಎಂಬ ಸೈನ್ಯದ ನಾಲ್ಕು ಅಂಗಗಳಿಂದ ‘ಚತುರಂಗ’ ಎಂಬ ಹೆಸರು ಬಂದಿದೆ. ‘ಚತುರ’ನು ಕನ್ನಡದಲ್ಲಿ ‘ಚದುರ’ನಾದಂತೆ ‘ಚತುರಂಗ’ವು ‘ಚದುರಂಗ’ವಾಯಿತು. ಪಶ್ಚಿಮಕ್ಕೆ ಹೋದ ಅದೇ ಮಾತು ಪಾರಸಿಯಲ್ಲಿ ‘ಚತ್ರಂಗ್’, ಅರಬ್ಬಿಯಲ್ಲಿ ‘ಶತ್ರಂಜ್’ ಆಯಿತು. ಯೂರೋಪಿನವರು ಆಟಕ್ಕೆ ಬೇರೊಂದು ಹೆಸರಿಟ್ಟರು. ಪಾರಸಿಯಲ್ಲಿ ದೊರೆಗೆ ‘ಶಾಹ್’ ಎನ್ನುವುದರಿಂದ, ದೊರೆಗೆ ಅಪಾಯವೊದಗಿದಾಗ ಕೂಗುವ ಆ ಮಾತೇ ರೂಪಾಂತರ ಹೊಂದಿ ‘ಚೆಕ್’ ಎಂದೂ ‘ಚೆಸ್’ ಎಂದೂ ಆಯಿತು. ಬ್ಯಾಂಕಿನ ಚೆಕ್ಕು ಕೂಡ ಈ ಪದದ ವಂಶದ್ದೇ ಎಂಬುದು ಅನೇಕರಿಗೆ ಆಶ್ಚರ್ಯವನ್ನುಂಟುಮಾಡಬಹುದು.

ಕನ್ನಡ ನಾಡಿನಲ್ಲಿ ಈ ಆಟಕ್ಕೆ ದೀರ್ಘವಾದ ಇತಿಹಾಸವಿದೆ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ೧೨ನೆಯ ಶತಮಾನದ ಮೊದಲ ಅರ್ಧದಲ್ಲಿ ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದಲ್ಲಿ ಅರಸರ ವಿನೋದಗಳ ನಡುವೆ ಚತುರಂಗದ ವಿವರವೂ ಇದೆ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಆಟಗಳಲ್ಲಿ ಅಪಾರವಾದ ಆಸಕ್ತಿಯುಳ್ಳವರಾಗಿದ್ದರು. ಅವರ ‘ಶ್ರೀತತ್ತ್ವನಿಧಿ’ಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿಯು ಆಟಗಳಿಗೇ ಮೀಸಲು. ಕುದುರೆಯನ್ನು ಅದರ ನಡೆಯಿಂದಲೇ ನಡೆಸುತ್ತ ೬೪ ಮನೆಗಳನ್ನೂ ಒಂದೊಂದೇ ಸಲ ಮುಟ್ಟಿಸುವ ಸಮಸ್ಯೆಗಳನ್ನು ಅವರು ರಚಿಸಿದರು. ಹೊರಟ ಮನೆಗೇ ಮತ್ತೆ ಜಿಗಿಯಬಲ್ಲಂತೆ ಮುಗಿಯುವ ಇಂಥ ಸುತ್ತುಗಳು ೧೩ ಲಕ್ಷ ಕೋಟಿಗಿಂತಲೂ ಹೆಚ್ಚಾಗಿವೆಯೆಂದು ಗಣಕಯಂತ್ರದ ಎಣಿಕೆಯಿಂದ ತಿಳಿದುಬಂದಿದೆ. ಯಂತ್ರವಿಲ್ಲದ ಕಾಲದಲ್ಲಿ ಅವುಗಳಲ್ಲಿ ಕೆಲವನ್ನು ಕೈಯಿಂದಲೇ ಕಟ್ಟಿದ ತಾಳ್ಮೆಯನ್ನು ವಾಚಕರು ಊಹಿಸಿಕೊಳ್ಳಬಹುದು. ಅದೇ ಮೈಸೂರಿನ ಎಂ. ಎಸ್. ತೇಜ್‌ಕುಮಾರ್ ಅವರು ೨೦೧೭ರಲ್ಲಿ ಕರ್ನಾಟಕದ ಮೊದಲ ಗ್ರ್ಯಾಂಡ್‌ಮಾಸ್ಟರ್ ಆದರು.

ಪದವಾಗಿಬಿಟ್ಟ ಭೌತವಿಜ್ಞಾನಿ

ಚದುರಂಗದಿಂದ ಮೊಬೈಲಿನ ಆಟಗಳಿಗೆ ನಿಸ್ಸಂದೇಹವಾಗಿ ಹೋದ ಒಂದು ಮಾತನ್ನು ಇನ್ನು ಹೇಳಬೇಕು. ಅದೇ ‘ಈಲೋ’. ಆಟಗಾರನ ಬಲವನ್ನು ಸೂಚಿಸುವ ಅಂಕಕ್ಕೆ ಈ ಹೆಸರು. ಅನೇಕರು ಇದು ಮೂರು ಇಂಗ್ಲಿಷ್ ಪದಗಳ ಮೊದಲಕ್ಷರಗಳೆಂದು ಭಾವಿಸಿ ‘ಇ. ಎಲ್. ಓ.’ ಎಂದು ಬಿಡಿಬಿಡಿಯಾಗಿ ಓದುತ್ತಾರೆ. ಇದು ಸರಿಯಲ್ಲ. ಇದೊಬ್ಬ ಮನುಷ್ಯನ ಹೆಸರು. ನಮಗೆ ವಿಶೇಷ ಸಂತೋಷವನ್ನು ಕೊಡುವ ಸಂಗತಿಯೆಂದರೆ, ಆತನು ನಮ್ಮಂತೆಯೇ ಭೌತವಿಜ್ಞಾನದ ಅಧ್ಯಾಪಕನಾಗಿದ್ದನು.

ಆರ್ಪಾದ್ ಈಲೋ ೧೯೦೩ರಲ್ಲಿ ಹಂಗೆರಿಯಲ್ಲಿ ಜನಿಸಿ, ಬಾಲ್ಯದಲ್ಲಿಯೇ ಅಮೆರಿಕೆಗೆ ಹೋಗಿ, ಮಿಲ್ವಾಕೀ ನಗರದ ಮಾರ್ಕೆಟ್ ವಿಶ್ವವಿದ್ಯಾನಿಲಯದಲ್ಲಿ ಭೌತವಿಜ್ಞಾನವನ್ನು ಬೋಧಿಸಿದನು. ಸ್ವತಃ ಬಲಿಷ್ಠ ಚದುರಂಗ ಆಟಗಾರನೂ ಆಗಿದ್ದನು. ಆತನ ಶ್ರೇಯಾಂಕ ಪದ್ಧತಿಯನ್ನು ಅಮೆರಿಕದ ಚದುರಂಗ ಸಂಸ್ಥೆಯು ೧೯೬೦ರಲ್ಲಿಯೂ ಅಂತರರಾಷ್ಟ್ರೀಯ ಸಂಸ್ಥೆಯು ೧೯೭೦ರಲ್ಲಿಯೂ ಅಂಗೀಕರಿಸಿದುವು. ಆತನು ೧೯೯೨ರಲ್ಲಿ ನಿಧನ ಹೊಂದಿದನು.

ಪದ್ಧತಿಯ ಸಾರವು ಸರಳವಾದುದು. ಇಬ್ಬರು ಆಟಗಾರರ ಅಂಕಗಳ ಅಂತರವನ್ನು ೪೦೦ರಿಂದ ಭಾಗಿಸಿರಿ. ೧೦ನ್ನು ಆ ಭಾಗಲಬ್ಧದ ಘಾತಕ್ಕೆ ಏರಿಸಿರಿ. ಬಂದುದಕ್ಕೆ ೧ನ್ನು ಕೂಡಿಸಿ, ಆ ಮೊತ್ತದಿಂದ ೧ನ್ನು ಭಾಗಿಸಿರಿ. ದೊರೆತುದು ದುರ್ಬಲನಾದವನು ಒಂದು ಆಟದಲ್ಲಿ ಸರಾಸರಿಯಾಗಿ ಪಡೆಯಬಹುದಾದ ಅಂಶ. ಉದಾಹರಣೆಗೆ ೧೫೦೦ರ ಆಟಗಾರನು ೧೭೦೦ರವನನ್ನು ಎದುರಿಸಿದನೆನ್ನೋಣ. ಅಂತರ ೨೦೦, ಘಾತ ಅರ್ಧ, ೧೦ರ ವರ್ಗಮೂಲ ಸುಮಾರು ೩.೧೬, ಒಂದನ್ನು ಕೂಡಿಸಿದರೆ ೪.೧೬. ಆದುದರಿಂದ ಅವನ ನಿರೀಕ್ಷೆ ಸುಮಾರು ೦.೨೪. ಒಂದು ಆಟಕ್ಕೆ ಗರಿಷ್ಠ ಬದಲಾವಣೆಯನ್ನು ೨೦ ಎಂದು ಗೊತ್ತುಮಾಡಿದ್ದರೆ, ಅವನು ಗೆದ್ದಾಗ ೨೦ನ್ನು ೦.೭೬ರಿಂದ ಗುಣಿಸಿದಷ್ಟು, ಎಂದರೆ ಸುಮಾರು ೧೫ ಅಂಕಗಳು ಏರುತ್ತವೆ. ಸೋತರೆ ಸುಮಾರು ೫ ಅಂಕಗಳು ಮಾತ್ರ ಇಳಿಯುತ್ತವೆ. ಬಲಶಾಲಿಯನ್ನು ಎದುರಿಸಿ ಸೋಲುವುದರಲ್ಲಿ ನಷ್ಟ ಅಲ್ಪ. ಗೆಲ್ಲುವುದರಲ್ಲಿ ಲಾಭ ಅಧಿಕ. ಅಂಕವು ತಪ್ಪಾಗಿದ್ದರೆ ಮುಂದಿನ ಆಟಗಳು ಅದನ್ನು ತಿದ್ದುತ್ತ ಹೋಗುತ್ತವೆ.

ಇಂದು ಜಾಲದ ಅನೇಕ ಆಟಗಳು ಸಮಬಲರನ್ನು ಜೊತೆಗೂಡಿಸಲು ಈ ಪದ್ಧತಿಯನ್ನೋ ಇದರ ಸುಧಾರಿತ ರೂಪಗಳನ್ನೋ ಬಳಸುತ್ತವೆ. ಆದರೂ ಈ ಅಂಕವನ್ನು ಮನುಷ್ಯನ ಬೆಲೆಯೆಂದು ತಿಳಿಯಬಾರದು. ಗಾಳಿಗೆ ತೂಗಾಡುವ ಹಗ್ಗಕ್ಕೆ ಅಳತೆಗೋಲನ್ನು ಕಟ್ಟಿ, ನೀರಿನಲ್ಲಿ ಏಳುತ್ತ ಬೀಳುತ್ತ ಇರುವ ಬೆಂಡಿನ ಸ್ಥಾನವನ್ನು ಅಳೆಯುವುದಕ್ಕೆ ಈಲೋ ತನ್ನ ಕೆಲಸವನ್ನು ಹೋಲಿಸಿದ್ದನು. ಅಳತೆಯ ಮಿತಿಯನ್ನು ಅಳೆದವನೇ ಒಪ್ಪಿಕೊಳ್ಳುವುದು ಒಳ್ಳೆಯ ಭೌತವಿಜ್ಞಾನಿಯ ಲಕ್ಷಣ. ಇನ್ನೊಂದು ಮಾತು: ಹಂಗೆರಿಯ ಭಾಷೆಯಲ್ಲಿ ಆತನ ಹೆಸರಿಗೆ ‘ಜೀವಂತ’ ಎಂದರ್ಥ!

ಇನ್ನು ಕೆಲವು ಮಾತುಗಳು

ಪರಿಚಿತವಾದ ಇನ್ನೂ ಕೆಲವು ಪದಗಳನ್ನು ಸಂಕ್ಷೇಪವಾಗಿ ನೋಡೋಣ. ‘ಗ್ಯಾಂಬಿಟ್’ ಎಂದರೆ ಲಾಭದ ಆಸೆಯಿಂದ ಆರಂಭದಲ್ಲಿಯೇ ಕಾಯಿಯೊಂದನ್ನು ಬಲಿಕೊಡುವುದು. ಇಟಲಿಯ ಭಾಷೆಯಲ್ಲಿ ‘ಗಾಂಬಾ’ ಎಂದರೆ ಕಾಲು; ‘ಗಾಂಬೆತ್ತೊ’ ಎಂದರೆ ಕುಸ್ತಿಯಲ್ಲಿ ಕಾಲು ಕೊಟ್ಟು ಕೆಡಹುವುದು. ಕನ್ನಡದ ‘ಅಡ್ಡಗಾಲು’ ಎಂಬುದೇ ಇದಕ್ಕೆ ಸರಿಸಮನಾದ ಮಾತು. ಆಟದ ಪಾತ್ರವು ಹೊಸದಾಗಿ ಪ್ರತ್ಯಕ್ಷವಾಗುವುದಕ್ಕೆ ‘ಸ್ಪಾನ್’ ಎನ್ನುತ್ತಾರೆ. ಇದರಲ್ಲಿ ‘ಪಾನ್’ ಕೇಳಿಸಿದರ‍ೂ ಕಾಲಾಳು ಇಲ್ಲ. ಮೀನು ಮೊಟ್ಟೆಗಳನ್ನು ಚೆಲ್ಲುವುದೆಂಬ ಅರ್ಥದ ಪದವಿದು. ಗಿರವಿ ಅಂಗಡಿಯ ‘ಪಾನ್’ ಕೂಡ ಒತ್ತೆಯೆಂಬ ಅರ್ಥದ ಬೇರೊಂದು ಫ್ರೆಂಚ್ ಮಾತಿನಿಂದ ಬಂದುದು. ‘ನೂಬ್’ ಎಂಬುದು ಹೊಸಬನೆಂಬ ಅರ್ಥದ ‘ನ್ಯೂಬಿ’ಯಿಂದ ಬಂದಿದೆ, ಹೊಸಬನಾಗಿರುವುದು ಅಪರಾಧವಲ್ಲವೆಂಬುದನ್ನು ಅದನ್ನು ಬೈಗುಳವಾಗಿ ಬಳಸುವವರು ನೆನೆಯಬೇಕು. ಅಂತರರಾಷ್ಟ್ರೀಯ ಚದುರಂಗ ಸಂಸ್ಥೆಯ ಹೆಸರನ್ನು ‘ಫೈಡ್’ ಎಂದು ಓದುವವರಿದ್ದಾರೆ. ಅದು ೧೯೨೪ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದುದರಿಂದ ಹೆಸರು ಫ್ರೆಂಚಿನದು. ‘ಫೀಡೆ’ ಎಂಬುದೇ ಸರಿ.

ಚದುರಂಗಕ್ಕೂ ಹೊಸ ಆಟಗಳಿಗೂ ನಡುವೆ ಈಗ ಗೋಡೆಯೂ ಉಳಿದಿಲ್ಲ. ೨೦೨೫ರಲ್ಲಿ ರಿಯಾದ್ ನಗರದಲ್ಲಿ ನಡೆದ ವಿದ್ಯುನ್ಮಾನ ಆಟಗಳ ವಿಶ್ವಕಪ್ಪಿನಲ್ಲಿ ಚದುರಂಗವೂ ಒಂದು ಸ್ಪರ್ಧೆಯಾಗಿದ್ದಿತು. ಆದುದರಿಂದ ಮಾತುಗಳ ಕೊಡುಕೊಳೆ ಇನ್ನೂ ಹೆಚ್ಚುವುದು ಸಹಜ. ಅವುಗಳೊಡನೆ ಸುಂದರವಾದ ಸುಳ್ಳು ಕಥೆಗಳೂ ಹುಟ್ಟುವುವು. ಅಂಥ ಕಥೆಯನ್ನು ಕೇಳಿದಾಗ ವಾಚಕರು ಮೂರು ಪ್ರಶ್ನೆಗಳನ್ನು ಹಾಕಿಕೊಳ್ಳಲಿ: ಈ ಅರ್ಥದಲ್ಲಿ ಮೊದಲು ಬಳಕೆಯಲ್ಲಿದ್ದ ಪದ ಯಾವುದು? ರೂಪವು ಬದಲಾದ ದಾರಿ ಯಾವುದು? ಅದೇ ದಾರಿಯಲ್ಲಿ ಬೇರೆ ಪದಗಳೂ ನಡೆದಿವೆಯೆ?

ನಮ್ಮ ಅಟೆಂಡರಿಗೂ ಈ ಕಥೆಯನ್ನು ಹೇಳಿದೆವು. ಅವರು ಮಧ್ಯಾಹ್ನದ ಬಿಡುವಿನಲ್ಲಿ ಪ್ಲಾಸ್ಟಿಕ್ ಹಾಳೆಯ ಮೇಲೆ ಚದುರಂಗವನ್ನು ಆಡುವವರು. ನಮ್ಮನ್ನು ಅನೇಕ ಬಾರಿ ಸೋಲಿಸಿದವರು. ಎಲ್ಲವನ್ನೂ ಕೇಳಿ, “ಪ್ಯಾದೆ ಒಂದೊಂದೇ ಮನೆ ನಡೆದರೂ ಹಿಂದಕ್ಕೆ ಹೋಗೋದಿಲ್ಲ ನೋಡಿ ಸಾರ್. ಕೊನೇ ಮನೆ ಮುಟ್ಟಿದರೆ ಮಂತ್ರಿ” ಎಂದರು. ಅವರ ಮಗಳು ಈ ವರ್ಷ ನಮ್ಮದೇ ವಿಷಯದಲ್ಲಿ ಎಂ.ಎಸ್ಸಿ. ತರಗತಿಗೆ ಸೇರಿದ್ದಾಳೆ. ಭಾಷಣ ಸ್ಪರ್ಧೆಯಲ್ಲಿ ಸೋತ ಆ ವಿದ್ಯಾರ್ಥಿಯು ಈಗಲೂ ಪ್ರಶ್ನೆಗಳನ್ನು ಹೊತ್ತು ಬರುತ್ತಾನೆ. ಒಂದು ವ್ಯತ್ಯಾಸವುಂಟು: ನಾವು ಉತ್ತರ ಹೇಳಿದ ಬಳಿಕ ಅವನು ತಪ್ಪದೆ, “ಇದಕ್ಕೆ ಆಧಾರವೇನು ಸಾರ್?” ಎಂದು ಕೇಳುತ್ತಾನೆ. ಅವನಿಗೆ ನಾವು ಕಲಿಸಿದ ಪಾಠಗಳಲ್ಲಿ ಇದೇ ಒಳ್ಳೆಯದು.